ವಾಯವ್ಯದ ಗೋಡೆ

ಗೋಡೆಗೂ ಕಿವಿಯುಂಟು ಎನ್ನುತ್ತಾರೆ.
ನಮ್ಮ ಗೋಡೆಗೆ ಇರುವುದು ಮೂಗು,
ಅಕ್ಟೋಬರಿನಲ್ಲಿ ಶುರುವಾದರೆ
ಏಪ್ರಿಲ್‌ವರೆಗೆ ಒರೆಸಿದಷ್ಟೂ ಸೋರುವ ಮೂಗು.

ಗ್ಲಾಸ್ಗೋದ ದಕ್ಷಿಣ ಮಗ್ಗುಲು, ಕೆಂಪು ಮರಳುಗಲ್ಲಿನ ಕಟ್ಟಡ,
ಮೂರನೆಯ ಮಹಡಿ, ಎರಡು ಕೋಣೆ,
ನಾನು, ರೋರಿ,
ಮತ್ತೆ ಅದು.
ಮೊದಲು ಬೀರುವಿನ ಹಿಂದೆ ಸಾಸಿವೆಯಷ್ಟಿತ್ತು.
ಹುಡುಗನ ಕೈಮಸಿ ಇರಬೇಕೆಂದು ಉಗುರಿನಲ್ಲಿ ಕೆರೆದೆ.
ಕ್ರಿಸ್‌ಮಸ್ಸಿಗೆ ಅಂಗೈಯಗಲ,
ಹೊಸ ವರ್ಷಕ್ಕೆ ಕಂಬಳಿಯಗಲ.
ಮನೆಯಲ್ಲಿ ಬಾಡಿಗೆಯ ಚಿಂತೆಯಿಲ್ಲದೆ
ಮೈ ತುಂಬಿಕೊಂಡದ್ದು ಅದೊಂದೇ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಕೆಲಸದವಳು.
ಪಾಳಿಗೆ ಎಂಟುನೂರು ಹೊದಿಕೆ
ಗರಿಗರಿ ಒಣಗಿಸಿ ಮಡಿಚಿ ಕಳಿಸುತ್ತೇನೆ.
ಮನೆಗೆ ಬಂದರೆ ಮಗನ ಶಾಲೆಯಂಗಿ
ಮೂರು ದಿನದಿಂದ ಕುರ್ಚಿಯ ಬೆನ್ನ ಮೇಲೆ
ಇನ್ನೂ ಹಸಿಮೀನಿನ ಹಾಗೆ.

ಬ್ಲೀಚಿನಲ್ಲಿ ತಿಕ್ಕಿದೆ. ವಿನಿಗರಿನಲ್ಲಿ ತಿಕ್ಕಿದೆ.
ಇಪ್ಪತ್ತು ವರ್ಷ ಬಾಳಿಕೆಯೆಂದು ಡಬ್ಬಿಯೇ ಆಣೆಯಿಟ್ಟ
ಬಿಳಿ ಬಣ್ಣ ಬಳಿದೆ.
ಇಪ್ಪತ್ತನೆಯ ದಿನ ಬಣ್ಣದೊಳಗಿಂದಲೇ ಕಣ್ಣು ಬಿಟ್ಟಿತು.
ರಾತ್ರಿ ರೋರಿಯ ಎದೆಯಲ್ಲಿ ಸದ್ದು,
ಬಾಗಿಲ ಸಂದಿನಿಂದ ಯಾರೋ
ನಿಧಾನಕ್ಕೆ ಕಾಗದ ಎಳೆದ ಹಾಗೆ.

ವಸತಿ ಸಂಘದ ಪೆಟ್ರಿ ಬಂದ,
ಕಾಲೊರಸಿಗೆ ಎರಡೆರಡು ಸಲ ಬೂಟು ಉಜ್ಜಿ.
ಮೀಟರಿನ ಎರಡು ಹಲ್ಲು ಗೋಡೆಗೆ ಊರಿದ,
ಅದು ಕಿರುಚಿಕೊಂಡಿತು. ಬರೆದುಕೊಂಡ. ಹೋದ.
ಹದಿನೈದು ದಿನಕ್ಕೆ ಕಾಗದ:
ಕಾರಣ, ನಿವಾಸಿಗಳ ಜೀವನಕ್ರಮ.
ಅಡುಗೆ, ಸ್ನಾನ, ಒಳಗೆ ಬಟ್ಟೆ ಒಣಹಾಕುವುದು, ಉಸಿರಾಟ.

ಉಸಿರಾಟ.
ಆ ಪದದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ.

ಜನವರಿಯಲ್ಲಿ ಕಿಟಕಿ ತೆರೆದಿಟ್ಟು
ಕೋಟು ತೊಟ್ಟು ಸೂಪು ಕುಡಿದೆವು.
ಹಬೆ ಏಳದಿರಲೆಂದು ಅದನ್ನೂ ತಣಿಸಿಯೇ ಬಡಿಸಿದ್ದೆ.
ರೋರಿ ಕೇಳಿದ: ಅಮ್ಮಾ, ಉಸಿರನ್ನು ಮೂಗಿನಲ್ಲಿ ಬಿಡಲೋ, ಬಾಯಲ್ಲೋ?
ಯಾವುದರಲ್ಲಿ ನೀರು ಕಡಿಮೆ?
ಏಳು ವರ್ಷದವನು.
ಆ ರಾತ್ರಿ ನೋಡಿದರೆ
ದಿಂಬಿಗೆ ಮುಖ ಒತ್ತಿ ಮಲಗಿದ್ದಾನೆ,
ಬಿಟ್ಟ ಉಸಿರೆಲ್ಲ ಅದರೊಳಗೇ ಇಂಗಲೆಂದು.

ಕಾಗದ ಹಿಡಿದು ಮೇಲಿನ ಮಹಡಿಗೆ ಹತ್ತಿದೆ.

ದ್ಯುಲಾ ಸ್ಲೊವಾಕಿಯದವನು, ಮಾಡು ಹೊದಿಸುವ ಕಸುಬು.
ಕಾಗದ ಓದಲಿಲ್ಲ. ಕೆಳಗಿಳಿದು ಬಂದು
ಗಬ್ಬದ ಹಸುವಿಗೆ ಕಿವಿಗೊಟ್ಟವನಂತೆ
ಗೋಡೆಗೆ ಕೆನ್ನೆಯಿಟ್ಟು ನಿಂತ.
ಉಸಿರು ಹೀಗೆ ಮೇಲಿಂದ ಗೆರೆ ಎಳೆಯೋದಿಲ್ಲ, ಅಂದ.
ಇದು ಕೊಳವೆ.

ಶನಿವಾರ, ಮಳೆ ಸುಧಾರಿಸಿಕೊಳ್ಳಲು ನಿಂತ ಅರ್ಧ ಗಂಟೆಯಲ್ಲಿ
ಅವನು ಮಾಡಿನ ಗಾಜುಕಿಂಡಿಯಿಂದ ಹೊರಗೆ,
ನಾನು ಒಳಗೆ ಹಗ್ಗ ಹಿಡಿದು, ಕಣ್ಣು ಮುಚ್ಚಿ.
ಸೂರಿನ ದೋಣಿಯ ಗಂಟಲಿನಿಂದ ತೆಗೆದು ತೆಗೆದು ಕೊಟ್ಟ:
ಪಾರಿವಾಳದ ಗರಿ,
ಎಷ್ಟೋ ಶರತ್ಕಾಲದ ಎಲೆಗೊಳೆ,
ಒಂದು ಚಮಚ, ಯಾರದೋ,
ಕೊನೆಗೆ ಟೆನಿಸ್ ಚೆಂಡು.
ಅದರ ಮೇಲೆ ನನ್ನದೇ ಕೈಬರಹ:
ರೋರಿ, ಎರಡನೆಯ ತರಗತಿ.

ಚಂದ್ರನವರೆಗೆ ಹೋಗುತ್ತದೋ ನೋಡಲು
ದ್ಯುಲಾನ ಮಗಳು ಝನೆಟಾ, ಇವನು,
ಹೋದ ಬೇಸಿಗೆಯಲ್ಲಿ ಇದೇ ಕಿಂಡಿಯಿಂದ ಎಸೆದದ್ದಂತೆ.

ಹಾಗಾದರೆ ಕಾಗದ ಹೇಳಿದ್ದು ನಿಜವೇ ಆಯಿತಲ್ಲ!
ಮೆಟ್ಟಿಲ ಮೇಲೆ ಕುಸಿದು ಕೂತು
ಹೊಟ್ಟೆ ಹಿಡಿದು ನಕ್ಕೆ. ದ್ಯುಲಾ ನಗಲಿಲ್ಲ.
ದೋಣಿ ಮೂರು ಕಡೆ ತುಕ್ಕು ತಿಂದು ಬಾಯಿಬಿಟ್ಟಿದೆ,
ಅದರ ಮೇಲೆ ಯಾರ ಹೆಸರೂ ಇಲ್ಲ, ಅಂದ.

ಸಂಘಕ್ಕೆ ತುಕ್ಕಿನ ಚಿತ್ರಗಳನ್ನಷ್ಟೇ ಕಳಿಸಿದೆ.
ಚೆಂಡಿನ ಮಾತೆತ್ತಲಿಲ್ಲ.
ಅರ್ಧ ಸತ್ಯ ಬರೆಯುವುದನ್ನು
ಅವರ ಕಾಗದ ನೋಡಿಯೇ ಕಲಿತದ್ದು.

ಹೊಸ ದೋಣಿ ಮಾರ್ಚಿನಲ್ಲಿ ಬಂತು.
ಗೋಡೆಗೆ ಮಾತ್ರ ಅವಸರವಿಲ್ಲ.
ಭಾನುವಾರ ಭಾನುವಾರ ತೇವದ ಅಂಚಿಗೆ ಪೆನ್ಸಿಲ್ ಗೀಟು,
ವಾರಕ್ಕೆ ಒಂದು ಬೆರಳು, ಕೆಲವು ವಾರ ಅದೂ ಇಲ್ಲ.
ಕಮಟು ವಾಸನೆ ಬೀರುವಿನಲ್ಲಿ ಇನ್ನೂ ಉಳಿದಿದೆ,
ಹೋದ ನೆಂಟರ ಮರೆತ ಚೀಲದಂತೆ.

ಇವತ್ತು ಬೆಳಿಗ್ಗೆ ಒರೆಸುವ ಬಟ್ಟೆ ಹಿಡಿದು ಬಂದರೆ
ರೋರಿ ಕಿಟಕಿಯ ಗಾಜಿಗೆ ಹಾ ಎಂದು ಊದಿ
ಮಂಜಿನ ಮೇಲೆ ಬೆರಳಲ್ಲಿ ಏಳರ ಮಗ್ಗಿ ಬರೆಯುತ್ತಿದ್ದ.
ನನ್ನನ್ನು ಕಂಡು ಬೆರಳು ನಿಂತಿತು.

ಏಳೆಂಟ್ಲಿ ಐವತ್ತಾರು ಕಣೋ, ಐವತ್ನಾಲ್ಕಲ್ಲ.
ಇನ್ನೊಂದು ಸಲ ಊದು.
ಜೋರಾಗಿ ಊದಿ ಬರೆ.